ಹುಣಸೆಹಣ್ಣಿನಲ್ಲಿ ತೊಳೆದ ಊರು

ಅಮ್ಮ ಮೊದಲ ಸಲ ಜರ್ಮನಿಗೆ ಬಂದಾಗ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಒರೆಸಿದಳು. ಮಾರನೆಯ ದಿನ ದೇವರ ಮೂಲೆಗೆ ಕೈ ಹಾಕಿದಳು. ಹಿತ್ತಾಳೆ ದೀಪ, ತಾಮ್ರದ ಪಂಚಪಾತ್ರೆ, ಉದ್ಧರಣೆ ಎಲ್ಲವೂ ಹುಣಸೆಹಣ್ಣಿನ ನೀರಿನಲ್ಲಿ ಮುಳುಗಿ ಎದ್ದು ಕೆಂಪಗೆ ಹೊಳೆಯತೊಡಗಿದವು. ಅವುಗಳ ಪಕ್ಕದ ಪುಟ್ಟ ತಟ್ಟೆಯಲ್ಲಿ ಕರಿಹಸಿರು ಬಣ್ಣದ ಬಿಲ್ಲೆಯೊಂದಿತ್ತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅದಕ್ಕೂ ಸ್ನಾನವಾಗಿತ್ತು. "ಪಾಪ, ಎಷ್ಟು ಕಿಲುಬು ಹಿಡಿದಿತ್ತೋ! ಯಾವ ದೇವರದ್ದು ಇದು?" ಎಂದು ಕೇಳಿದಳು.

ಆ ಬಿಲ್ಲೆಗೆ ಹತ್ತಿರಹತ್ತಿರ ಸಾವಿರದ ಎಂಟುನೂರು ವರ್ಷ. ಆ ಕಿಲುಬೇ ಅದರ ಚರ್ಮ, ನಾಣ್ಯ ಸಂಗ್ರಹಿಸುವವರು ಅದನ್ನು ಉಗುರಿನಿಂದಲೂ ಕೆರೆಯುವುದಿಲ್ಲ. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಒಂಬತ್ತು ಯೂರೋ ಕೊಟ್ಟು ತಂದದ್ದು, ಆದ್ದರಿಂದ ನಷ್ಟದ ಲೆಕ್ಕ ದೊಡ್ಡದೇನಲ್ಲ. ಆದರೂ ಒಂದು ಗಳಿಗೆ ಮಾತು ಹೊರಡಲಿಲ್ಲ. ಆಮೇಲೆ ದೀಪದ ಕೆಳಗೆ ಹಿಡಿದು ನೋಡಿದರೆ, ಎರಡು ವರ್ಷದಿಂದ ನನ್ನ ಕಣ್ಣಿಗೆ ಬೀಳದಿದ್ದ ಅಕ್ಷರಗಳು ಅಮ್ಮನ ಕೃಪೆಯಿಂದ ಎದ್ದು ಕೂತಿದ್ದವು. ಒಂದು ಬದಿಯಲ್ಲಿ ಎಳೆಯ ಹುಡುಗನ ಮುಖ, ಸುತ್ತ ಗ್ರೀಕಿನಲ್ಲಿ ಗೋರ್ಡಿಯಾನಸ್ ಎಂಬ ಹೆಸರು. ಇನ್ನೊಂದು ಬದಿಯಲ್ಲಿ ಸಾಲಾಗಿ ನೆಟ್ಟ ಸೈನ್ಯದ ಪತಾಕೆಗಂಬಗಳು. ಅವುಗಳ ಸಂದಿಯಲ್ಲಿ, ಬಸ್ಸಿನಲ್ಲಿ ಸೀಟು ಸಿಗದೆ ಕಂಬ ಹಿಡಿದು ನಿಂತವರ ಹಾಗೆ ಒಂದೊಂದೇ ಅಕ್ಷರ: ನಿ-ಕಾ-ಯೆ-ಓನ್. ಅಂದರೆ 'ನಿಕೇಯದವರದು'.

ದೇವರದ್ದಲ್ಲಮ್ಮ, ಒಂದು ಊರಿನದು ಎಂದೆ.

ನಿಕೇಯ ಎಂದರೆ ಇಂದಿನ ಟರ್ಕಿಯ ಇಜ್ನಿಕ್. ಕೆರೆಯ ದಡದ ಸಣ್ಣ ಪಟ್ಟಣ, ನೀಲಿ ಬಣ್ಣದ ಹೆಂಚುಗಳಿಗೆ ಹೆಸರುವಾಸಿ. ಕ್ರೈಸ್ತರಿಗೆ ಅದು 325ರ ಮಹಾಸಭೆ ನಡೆದ ಜಾಗ. ಅದಕ್ಕೂ ಮೊದಲು ಅದು ರೋಮನ್ನರ ಬಿಥೀನಿಯ ಪ್ರಾಂತ್ಯದ ಎರಡು ದೊಡ್ಡ ಊರುಗಳಲ್ಲಿ ಒಂದು. ಇನ್ನೊಂದು ನಿಕೊಮೀಡಿಯ, ಇಂದಿನ ಇಜ್ಮಿತ್. ಈ ಇಬ್ಬರ ಜಗಳ ತಿಳಿಯದೆ ನನ್ನ ಬಿಲ್ಲೆ ಅರ್ಥವಾಗುವುದಿಲ್ಲ. ಅದಕ್ಕೆ ಮುಂಚೆ ಈ ತರಹದ ನಾಣ್ಯ ಯಾಕಿತ್ತು ಎನ್ನುವುದನ್ನು ಹೇಳಬೇಕು.

ರೋಮನ್ ಸಾಮ್ರಾಜ್ಯ ಎಂದರೆ ಒಂದೇ ನಾಣ್ಯ, ಒಂದೇ ಟಂಕಸಾಲೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ಕಡೆ ಸಿಗುವುದನ್ನು ನೋಡಿದರೆ ಹಾಗೆ ಅನಿಸುವುದು ಸಹಜ. ಬೆಂಗಳೂರಿನ ಯಶವಂತಪುರದಲ್ಲಿ, ಎಚ್‌ಎಎಲ್ ಬಳಿ ಸಿಕ್ಕಿದ್ದು ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದ ಬೆಳ್ಳಿ ನಾಣ್ಯಗಳು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಸಿಕ್ಕಿದ್ದೂ ಟೈಬೀರಿಯಸ್‌ನ ಬೆಳ್ಳಿ ದಿನಾರಿಯೇ. ಮೆಣಸು, ಹತ್ತಿ, ಮಣಿಗಳಿಗೆ ಬದಲಾಗಿ ಸಮುದ್ರ ದಾಟಿ ಬರಬೇಕಾದರೆ ಲೋಹಕ್ಕೇ ಬೆಲೆ ಇರಬೇಕು. ಕಂಚಿನ ಚಿಲ್ಲರೆಯನ್ನು ಯಾರು ಹೊತ್ತು ತಂದಾರು? ಕಂಚು ಅದನ್ನು ಅಚ್ಚು ಹಾಕಿದ ಊರಿನ ಸಂತೆಯಲ್ಲಿ, ಹೆಚ್ಚೆಂದರೆ ಪಕ್ಕದೂರಿನಲ್ಲಿ ಚಲಾವಣೆಯಾಗಿ, ಸವೆದು, ಅಲ್ಲೇ ಮಣ್ಣಾಗುತ್ತಿತ್ತು. ಹೀಗಾಗಿ ನಮಗೆ ಪರಿಚಯವಾದದ್ದು ಚಕ್ರವರ್ತಿಯ ರೋಮ್ ಮಾತ್ರ. ರೊಟ್ಟಿ ಕೊಳ್ಳುವ, ಸ್ನಾನದ ಮನೆಗೆ ಹೋಗುವ, ಪಕ್ಕದೂರಿನವರನ್ನು ಬೈಯುವ ರೋಮ್ ನಮ್ಮ ದಡಕ್ಕೆ ಬರಲಿಲ್ಲ.

ಆ ರೋಮ್ ಇದ್ದದ್ದು ಕಂಚಿನಲ್ಲಿ. ಐನೂರಕ್ಕೂ ಹೆಚ್ಚು ಊರುಗಳು ಒಂದಲ್ಲ ಒಂದು ಕಾಲದಲ್ಲಿ ತಮ್ಮದೇ ನಾಣ್ಯ ಹೊರಡಿಸಿವೆ. ಪಶ್ಚಿಮದ ಸ್ಪೇನ್, ಗಾಲ್ ಕಡೆ ಈ ಪದ್ಧತಿ ಕ್ಲಾಡಿಯಸ್ ಕಾಲದ ಹೊತ್ತಿಗೆ ನಿಂತುಹೋಯಿತು. ಪೂರ್ವದ ಗ್ರೀಕ್ ಮಾತಿನ ಊರುಗಳಲ್ಲಿ ಇನ್ನೂ ಇನ್ನೂರು ವರ್ಷ ನಡೆಯಿತು. ನಾಣ್ಯದ ಮುಖ ಸಾಮಾನ್ಯವಾಗಿ ಚಕ್ರವರ್ತಿಯದು, ಅಥವಾ ಅವನ ಹೆಂಡತಿ ಮಕ್ಕಳದು. ಬೆನ್ನು ಮಾತ್ರ ಊರಿನದು. ಅಲ್ಲಿ ಏನು ಕೆತ್ತಬೇಕು ಎಂದು ಬರೆದು ಕಳಿಸುತ್ತಿದ್ದವರು ರೋಮಿನಲ್ಲಿರಲಿಲ್ಲ. ಊರಿನ ಸಭೆಯ ಹಿರಿಯರು, ಆ ವರ್ಷದ ಅಧಿಕಾರಿಗಳು, ಕೈಯಿಂದ ಹಣ ಹಾಕಿ ಹೆಸರು ಕೆತ್ತಿಸಿಕೊಳ್ಳುವ ಶ್ರೀಮಂತರು ತೀರ್ಮಾನಿಸುತ್ತಿದ್ದರು.

ಹಾಗಾದರೆ ಆ ಬೆನ್ನಿನ ಮೇಲೆ ಏನು ಬರೆದುಕೊಂಡರು? ಸಾಮ್ರಾಜ್ಯದ ಅಡಿಯಾಳಾದ ಊರು ತನ್ನ ಕೈಗೆ ಸಿಕ್ಕ ಎರಡು ಸೆಂಟಿಮೀಟರ್ ಜಾಗದಲ್ಲಿ ಗುಟ್ಟಾಗಿ ಪ್ರತಿಭಟಿಸಿರಬೇಕು ಎಂಬ ಆಸೆಯಿಂದ ನಾನು ಓದಲು ಕೂತೆ. ಸಿಕ್ಕಿದ್ದು ಬೇರೆ. ಪ್ರತಿಭಟನೆ ಅಪರೂಪ. ತುಂಬಿ ತುಳುಕುವುದು ಬಿರುದು. ಆ ಬಿರುದುಗಳಿಗೆ ರೋಮಿನ ಒಪ್ಪಿಗೆ ಬೇಕಾಗಿತ್ತು, ಆದರೆ ಅವು ಚುಚ್ಚಬೇಕಾಗಿದ್ದದ್ದು ಪಕ್ಕದೂರಿನವರ ಕಣ್ಣಿಗೆ.

ಎಲ್ಲಕ್ಕಿಂತ ದೊಡ್ಡ ಬಿರುದು 'ನೇಓಕೊರೊಸ್'. ಮೂಲದಲ್ಲಿ ದೇವಸ್ಥಾನದ ಪರಿಚಾರಕ, ಗುಡಿ ಗುಡಿಸುವವ ಎಂದು ಅದರರ್ಥ. ಚಕ್ರವರ್ತಿಯ ಪೂಜೆಗೆ ಇಡೀ ಪ್ರಾಂತ್ಯದ ಪರವಾಗಿ ಕಟ್ಟಿದ ಗುಡಿ ಯಾವ ಊರಿನಲ್ಲಿದೆಯೋ ಆ ಊರು ನೇಓಕೊರೊಸ್. ಪೊರಕೆ ಹಿಡಿಯುವ ಹಕ್ಕಿಗಾಗಿ ಎಂಥ ನೂಕುನುಗ್ಗಲು! ಕ್ರಿ.ಶ. 26ರಲ್ಲಿ ಟೈಬೀರಿಯಸ್‌ಗೆ ಗುಡಿ ಕಟ್ಟುವ ಅವಕಾಶಕ್ಕಾಗಿ ಏಷ್ಯಾ ಪ್ರಾಂತ್ಯದ, ಅಂದರೆ ಇಂದಿನ ಟರ್ಕಿಯ ಪಶ್ಚಿಮ ಭಾಗದ, ಹನ್ನೊಂದು ಊರುಗಳು ರೋಮಿನ ಸೆನೆಟ್ ಮುಂದೆ ನಿಂತು ವಾದಿಸಿದವು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಗೆದ್ದದ್ದು ಸ್ಮಿರ್ನಾ. ಕೂಡಲೇ ಆ ಗುಡಿ ಸ್ಮಿರ್ನಾದ ಕಂಚಿನ ಮೇಲೆ ಬಂತು, ಒಳಗೆ ನಿಂತ ಟೈಬೀರಿಯಸ್‌ನ ಸಮೇತ. ಮುಂದೆ ಅದೇ ಸ್ಮಿರ್ನಾ ತನ್ನನ್ನು 'ಚೆಲುವಿನಲ್ಲಿ, ಗಾತ್ರದಲ್ಲಿ ಏಷ್ಯಾಕ್ಕೇ ಮೊದಲು' ಎಂದು ಕರೆದುಕೊಂಡಿತು. ಎಫೆಸಸ್ ಸುಮ್ಮನಿರುತ್ತದೆಯೇ? ಎಲಗಾಬಲಸ್ ಕಾಲದಲ್ಲಿ ಅದಕ್ಕೆ ನಾಲ್ಕನೆಯ ಗುಡಿಯ ಗೌರವ ಸಿಕ್ಕಿದಾಗ 'ಎಲ್ಲರಲ್ಲಿ ನಾವೊಬ್ಬರೇ ನಾಲ್ಕು ಸಲ' ಎಂದು ನಾಣ್ಯದ ಮೇಲೆ ಬರೆಸಿತು. 222ರಲ್ಲಿ ಆ ಚಕ್ರವರ್ತಿ ಕೊಲೆಯಾದ, ಅವನ ಜೊತೆ ನಾಲ್ಕನೆಯ ಗೌರವವೂ ಹೋಯಿತು, ಎಫೆಸಸ್ ಬಾಯಿ ಮುಚ್ಚಿಕೊಂಡು ಮೂರಕ್ಕೆ ಇಳಿಯಿತು. ದಕ್ಷಿಣದ ಟಾರ್ಸಸ್‌ಗೆ ಪೂರ್ತಿ ಬರೆಯಲು ಜಾಗ ಸಾಲದೆ ಮೂರೇ ಮೂರು ಅಕ್ಷರ ಕೆತ್ತಿಸುತ್ತಿತ್ತು: ಅಲ್ಫಾ, ಮು, ಕಪ್ಪಾ. ಮೊದಲನೆಯದು, ಅತಿ ದೊಡ್ಡದು, ಅತಿ ಸುಂದರವಾದದ್ದು. ನೆರೆಯ ಅನಾಜಾರ್ಬಸ್ ಕೂಡ ಅದೇ ಮೂರಕ್ಷರ ಹಾಕಿಕೊಳ್ಳತೊಡಗಿತು. ನಮ್ಮ ಶಾಸನಗಳ ಬಿರುದಾವಳಿ ಓದಿ ರೂಢಿಯಿದ್ದವರಿಗೆ ಇದು ಹೊಸದೇನಲ್ಲ, ಒಂದೇ ವ್ಯತ್ಯಾಸ. ಇಲ್ಲಿ ಬಿರುದು ರಾಜನದಲ್ಲ, ಊರಿನದು.

ಈಗ ನಿಕೇಯಕ್ಕೆ ಬರೋಣ.

ಜಗಳದ ಬೀಜ ಬಿದ್ದದ್ದು ಕ್ರಿ.ಪೂ. 29ರಲ್ಲಿ. ಮುಂದೆ ಆಗಸ್ಟಸ್ ಎಂಬ ಹೆಸರಿನಿಂದ ರೋಮಿನ ಮೊದಲ ಚಕ್ರವರ್ತಿಯಾದವನು ಆಗ ಪೂರ್ವದಲ್ಲಿದ್ದ. ನಿಕೇಯದಲ್ಲಿ ರೋಮ್ ದೇವತೆಗೂ ಸತ್ತು ದೇವರಾದ ಜೂಲಿಯಸ್ ಸೀಸರ್‌ಗೂ ಗುಡಿ ಕಟ್ಟಲು, ಅಲ್ಲಿ ನೆಲೆಸಿದ ರೋಮನ್ನರು ಪೂಜೆ ಮಾಡಲು ಅಪ್ಪಣೆ ಕೊಟ್ಟ. ತನ್ನ ಸ್ವಂತ ಗುಡಿಯನ್ನು, ಸ್ಥಳೀಯರು ಪೂಜಿಸಲಿ ಎಂದು, ನಿಕೊಮೀಡಿಯಕ್ಕೆ ಕೊಟ್ಟ. ಆ ಹೊತ್ತಿಗೆ ಬಿಥೀನಿಯದಲ್ಲಿ ಮೇಲುಗೈ ನಿಕೇಯದ್ದು ಎಂದು ಇದನ್ನು ದಾಖಲಿಸಿದ ಇತಿಹಾಸಕಾರ ಕ್ಯಾಸಿಯಸ್ ದಿಯೊ ಸೇರಿಸುತ್ತಾನೆ. ಸೇರಿಸದೆ ಇರುವನೇ? ಅವನು ನಿಕೇಯದವನು. ಆದರೆ ಸತ್ತವನ ಗುಡಿಗೂ ಬದುಕಿದ್ದವನ ಗುಡಿಗೂ ಅಜಗಜಾಂತರ. ಕಾಲ ಕಳೆದ ಹಾಗೆ ಬೆಲೆ ಬಂದದ್ದು ನಿಕೊಮೀಡಿಯದ ಗುಡಿಗೆ.

ಮುಂದೆ ಇಬ್ಬರೂ 'ಬಿಥೀನಿಯದ ಮೊದಲಿಗರು' ಎನಿಸಿಕೊಳ್ಳಲು ಹೊಡೆದಾಡಿದರು. ಹೊಡೆದಾಟ ಹೆಚ್ಚಾಗಿ ಕಲ್ಲು ಗಾರೆಯಲ್ಲಿ. ಸುಮಾರು 110ರ ನಂತರ ಈ ಪ್ರಾಂತ್ಯಕ್ಕೆ ಅಧಿಕಾರಿಯಾಗಿ ಬಂದ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರಗಳನ್ನು ಓದಿದರೆ ನಗು ತಡೆಯಲಾಗುವುದಿಲ್ಲ. ನಿಕೊಮೀಡಿಯದವರು ನೀರು ತರುವ ಕಾಲುವೆಗೆ 33,18,000 ಸೆಸ್ಟರ್ಸ್ ಸುರಿದು ಅರ್ಧಕ್ಕೇ ಬಿಟ್ಟರು, ಇನ್ನೊಂದನ್ನು ಶುರು ಮಾಡಿ ಎರಡು ಲಕ್ಷ ಕಳೆದು ಅದನ್ನೂ ಬಿಟ್ಟರು. ನಿಕೇಯದವರು ಒಂದು ಕೋಟಿಗೂ ಮೀರಿ ಖರ್ಚು ಮಾಡಿ ಕಟ್ಟುತ್ತಿದ್ದ ರಂಗಮಂದಿರ ಮುಗಿಯುವ ಮೊದಲೇ ಬಿರುಕು ಬಿಟ್ಟು ಕುಸಿಯುತ್ತಿತ್ತು. ಅದರ ಪಕ್ಕದಲ್ಲೇ, ಸುಟ್ಟುಹೋದ ವ್ಯಾಯಾಮಶಾಲೆಯನ್ನು ಹಿಂದಿನದಕ್ಕಿಂತ ದೊಡ್ಡದಾಗಿ ಎತ್ತುತ್ತಿದ್ದರು. ಟ್ರೇಜನ್‌ನ ಉತ್ತರದಲ್ಲಿ, ಈ ಗ್ರೀಕ್ ಪುಡಿಜನಕ್ಕೆ ವ್ಯಾಯಾಮಶಾಲೆಯ ಚಪಲ ಎಂಬ ಧಾಟಿಯ ಒಂದು ಸಾಲಿದೆ. ಆ ತಾತ್ಸಾರ ನನಗೆ ಹಿಡಿಸುವುದಿಲ್ಲ. ಆದರೆ ಬಿರುಕು ಬಿಟ್ಟ ರಂಗಮಂದಿರವೂ ಸುಳ್ಳಲ್ಲವಲ್ಲ.

ಈ ಹುಚ್ಚನ್ನು ಒಳಗಿನವರೂ ಕಂಡಿದ್ದರು. ಪಕ್ಕದ ಪ್ರೂಸಾದ, ಅಂದರೆ ಇಂದಿನ ಬುರ್ಸಾದ, ವಾಗ್ಮಿ ದಿಯೊ ಕ್ರಿಸೊಸ್ಟೊಮ್ ನಿಕೊಮೀಡಿಯಕ್ಕೇ ಹೋಗಿ ಅಲ್ಲಿನವರ ಎದುರು ಭಾಷಣ ಮಾಡಿದ: ನೀವು ಬಡಿದಾಡುತ್ತಿರುವುದು ಬರೀ ಒಂದು ಹೆಸರಿಗೆ, ರೋಮನ್ನರು ಇದನ್ನು 'ಗ್ರೀಕರ ಚಾಳಿ' ಎಂದು ನಗುತ್ತಾರೆ, ನೀವು ಒಡೆದಿದ್ದಷ್ಟೂ ಅಧಿಕಾರಿಗಳಿಗೆ ಲೂಟಿ ಸುಲಭ. ಆ ಕಾಲದ ಭಾಷಣಗಳಲ್ಲಿ ಇಷ್ಟು ನೇರವಾದದ್ದನ್ನು ನಾನು ಓದಿಲ್ಲ. ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗಿರಬೇಕು, ಏಕೆಂದರೆ ಮುಂದಿನ ನೂರು ವರ್ಷ ಏನೂ ಬದಲಾಗಲಿಲ್ಲ. 'ಒಮೊನೊಯಾ', ಅಂದರೆ ಒಮ್ಮತ, ಎಂದು ಬರೆದು ಎರಡು ಊರುಗಳ ದೇವತೆಗಳು ಕೈ ಹಿಡಿದುಕೊಂಡ ಚಿತ್ರದ ನಾಣ್ಯಗಳು ಆ ಕಾಲದಲ್ಲಿ ಎಷ್ಟೋ ಇವೆ. ಒಮ್ಮತವನ್ನು ಕಂಚಿನಲ್ಲಿ ಅಚ್ಚು ಹಾಕಬೇಕಾಗಿ ಬಂತು ಎಂದರೆ ಅದು ಎಷ್ಟಿತ್ತು ಎಂದು ಊಹಿಸಬಹುದು.

ಕಾಮೊಡಸ್ ಚಕ್ರವರ್ತಿಯಾದಾಗ ಅವನ ಅರಮನೆಯಲ್ಲಿ ಆಪ್ತನಾಗಿದ್ದ ಸಾವೊಟೆರಸ್ ನಿಕೊಮೀಡಿಯದವನು. ಅವನ ಪ್ರಭಾವದಿಂದ ಊರಿಗೆ ಕ್ರೀಡೋತ್ಸವ ನಡೆಸುವ, ಕಾಮೊಡಸ್‌ಗೆ ಗುಡಿ ಕಟ್ಟುವ ಅನುಮತಿ ಸೆನೆಟ್‌ನಿಂದ ಸಿಕ್ಕಿತು. ರಾಜಧಾನಿಯಲ್ಲಿ ನಮ್ಮವನೊಬ್ಬ ಇದ್ದರೆ ಕೆಲಸ ಹೇಗೆ ಸಲೀಸು ಎಂಬುದಕ್ಕೆ ಕನ್ನಡಿಗರಿಗೆ ವಿವರಣೆ ಬೇಡ. ನಿಕೇಯಕ್ಕೆ ಅಂಥವನು ಇರಲಿಲ್ಲ, ಇದ್ದದ್ದು ನಾಲಿಗೆ. 'ಕಾಮೊಡಸ್ ಆಳುತ್ತಿರಲು ಲೋಕವೇ ಸುಖವಾಗಿದೆ' ಎಂದು ತನ್ನ ನಾಣ್ಯದ ಮೇಲೆ ಬರೆಸಿತು. ಇದೇ ಕಾಮೊಡಸ್ ಒಂದು ದಿನ ರಂಗಸ್ಥಳದಲ್ಲಿ ಉಷ್ಟ್ರಪಕ್ಷಿಯ ತಲೆ ಕಡಿದು, ಅದನ್ನು ಎತ್ತಿ ಹಿಡಿದು, ನಿಮ್ಮದೂ ಹೀಗೇ ಎಂಬಂತೆ ಸೆನೆಟರುಗಳ ಕಡೆ ನೋಡಿ ತನ್ನ ತಲೆಯಾಡಿಸಿ ಹಲ್ಲು ಕಿರಿದ. ಭಯಕ್ಕಿಂತ ಹೆಚ್ಚಾಗಿ ನಗು ಬಂತಂತೆ. ನಕ್ಕರೆ ತಲೆ ಹೋಗುತ್ತದೆ ಎಂದು ಒಬ್ಬ ಸೆನೆಟರ್ ತನ್ನ ಹೂಕಿರೀಟದ ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಜಗಿದ, ಪಕ್ಕದವರಿಗೂ ಜಗಿಯಲು ಹೇಳಿದ. ಅವನೇ ನಮ್ಮ ನಿಕೇಯದ ಕ್ಯಾಸಿಯಸ್ ದಿಯೊ. ಊರಿನ ನಾಣ್ಯ ಲೋಕ ಸುಖವಾಗಿದೆ ಎನ್ನುತ್ತಿದೆ, ಊರಿನ ಮಗ ಎಲೆ ಜಗಿಯುತ್ತ ಕೂತಿದ್ದಾನೆ. ಆ ನಾಣ್ಯದ ಫೋಟೋ ನೋಡಿದಾಗಲೆಲ್ಲ ನನಗೆ ಆ ಎಲೆಯ ಕಹಿ ನೆನಪಾಗುತ್ತದೆ.

193ರಲ್ಲಿ ಆಟ ಕೈ ಮೀರಿತು. ಸಿಂಹಾಸನಕ್ಕಾಗಿ ಸೆಪ್ಟಿಮಿಯಸ್ ಸೆವೆರಸ್, ಪೆಸೆನಿಯಸ್ ನೈಜರ್ ಎಂಬ ಇಬ್ಬರು ದಂಡನಾಯಕರ ಕಾಳಗ. ಪೂರ್ವವೆಲ್ಲ ನೈಜರ್‌ನ ಕಡೆಗಿತ್ತು. ಸೈಜಿಕಸ್ ಬಳಿ ಅವನ ಸೈನ್ಯ ಸೋತ ಸುದ್ದಿ ಬಂದದ್ದೇ ನಿಕೊಮೀಡಿಯ ಸೆವೆರಸ್‌ಗೆ ದೂತರನ್ನು ಕಳಿಸಿ ಪಕ್ಷ ಬದಲಿಸಿತು. ನಿಕೇಯ? ನಿಕೊಮೀಡಿಯದ ಮೇಲಿನ ದ್ವೇಷಕ್ಕಾಗಿಯೇ ಸೋಲುತ್ತಿದ್ದವನ ಜೊತೆ ನಿಂತಿತು ಎಂದು ಇತಿಹಾಸಕಾರ ಹೆರೋಡಿಯನ್ ಬರೆಯುತ್ತಾನೆ. ಅವರು ಆ ಕಡೆ ಹೋದರೆ ನಾವು ಈ ಕಡೆ, ಅಷ್ಟೇ ರಾಜಕೀಯ. ಸೆವೆರಸ್ ಗೆದ್ದ. ನೈಜರ್ ಪರ ನಿಂತ ಆಂಟಿಯೋಕ್ ತನ್ನ ಪಟ್ಟ ಕಳೆದುಕೊಂಡು ನೆರೆಯ ಲವೊದಿಕೇಯಕ್ಕೆ ಅಧೀನವಾಯಿತು. ಸುಮಾರು ಮೂರು ವರ್ಷ ಮುತ್ತಿಗೆ ತಡೆದುಕೊಂಡ ಬೈಜಾಂಟಿಯಂ (ಇಂದಿನ ಇಸ್ತಾಂಬುಲ್) ಪೆರಿಂಥಸ್‌ನ ಕೈಕೆಳಗಿನ ಹಳ್ಳಿಯಾಯಿತು. ನಿಕೇಯದ ಬಿರುದುಗಳನ್ನು ಕಿತ್ತುಕೊಂಡರು. ಊರ ಬಾಗಿಲುಗಳ ಮೇಲೆ ಆ ಬಿರುದುಗಳಿದ್ದ ಸಾಲುಗಳನ್ನು ಉಳಿ ಇಟ್ಟು ಕೆತ್ತಿ ತೆಗೆದದ್ದನ್ನು ಇವತ್ತಿಗೂ ಇಜ್ನಿಕ್‌ನಲ್ಲಿ ನೋಡಬಹುದು. ನಿಕೊಮೀಡಿಯದ ನಾಣ್ಯಗಳ ಮೇಲೆ ಮಾತ್ರ ಸೆವೆರಸ್ ಕಾಲದಿಂದ ಠೀವಿಯಿಂದ 'ಎರಡು ಸಲ ನೇಓಕೊರೊಸ್'.

ಉಳಿಯ ಮಾತು ಬಂತು. ನಾಣ್ಯದ ಬೆನ್ನು ಊರಿನದು ಎಂದೆನಲ್ಲ, ಕೆಲವೊಮ್ಮೆ ಊರಿನವರೇ ಮುಖಕ್ಕೂ ಕೈ ಹಾಕಿದ್ದುಂಟು, ಅದೂ ಭಯದಿಂದ. 211ರ ಡಿಸೆಂಬರಿನಲ್ಲಿ ಸೆವೆರಸ್‌ನ ಮಗ, ಚಕ್ರವರ್ತಿ ಕ್ಯಾರಕಲ್ಲ ತನ್ನ ತಮ್ಮ ಗೇಟನನ್ನು ತಾಯಿಯ ಮಡಿಲಲ್ಲೇ ಕೊಲ್ಲಿಸಿದ. ಆಮೇಲೆ ಗೇಟನ ಹೆಸರೆತ್ತುವಂತಿಲ್ಲ. ಅವನ ಮುಖವಿದ್ದ ನಾಣ್ಯಗಳನ್ನೂ ಕ್ಯಾರಕಲ್ಲ ಕರಗಿಸಿದ ಎಂದು ಕ್ಯಾಸಿಯಸ್ ದಿಯೊ ಬರೆಯುತ್ತಾನೆ. ದೂರದ ಕ್ಯಾರಿಯದ (ಇಂದಿನ ಟರ್ಕಿಯ ನೈಋತ್ಯ ಭಾಗ) ಸ್ಟ್ರಾಟೊನಿಕೇಯ ಎಂಬ ಊರಿನಲ್ಲಿ ಅಣ್ಣತಮ್ಮಂದಿರು ಎದುರುಬದುರು ನೋಡುವ ದೊಡ್ಡ ಕಂಚಿನ ನಾಣ್ಯಗಳು ಆಗಲೇ ಚಲಾವಣೆಯಲ್ಲಿದ್ದವು. ಕಂಚನ್ನೆಲ್ಲ ಕರಗಿಸುವುದು ದುಬಾರಿ. ಒಂದೊಂದನ್ನೂ ಹಿಡಿದು ಗೇಟನ ಮುಖವನ್ನಷ್ಟೇ ಕೆರೆದು, ಮೇಲೊಂದು ಮುದ್ರೆ ಒತ್ತಿ ಮತ್ತೆ ಸಂತೆಗೆ ಬಿಟ್ಟರು. ಅಂಥ ನಾಣ್ಯದಲ್ಲಿ ಕ್ಯಾರಕಲ್ಲ ಈಗ ಒಂದು ತಗ್ಗನ್ನು ದಿಟ್ಟಿಸಿ ನೋಡುತ್ತಿರುತ್ತಾನೆ. ಅವನನ್ನು ಚಿತ್ರಿಸಿದ ಯಾವ ಅಮೃತಶಿಲೆಯ ಪ್ರತಿಮೆಯೂ ನನಗೆ ಇಷ್ಟು ನಿಜವೆನಿಸಿಲ್ಲ. ಇನ್ನೂ ಹಿಂದೆ, 31ರಲ್ಲಿ, ಸ್ಪೇನಿನ ಬಿಲ್ಬಿಲಿಸ್ ಎಂಬ ಸಣ್ಣ ಊರು ರೋಮಿನ ಆ ವರ್ಷದ ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲ್‌ಗಳೆಂದು ಟೈಬೀರಿಯಸ್ ಜೊತೆ ಅವನ ಬಲಗೈಯಾಗಿದ್ದ ಸೆಜಾನಸ್‌ನ ಹೆಸರನ್ನೂ ಹೆಮ್ಮೆಯಿಂದ ಹಾಕಿತು. ಅಕ್ಟೋಬರಿನಲ್ಲಿ ಸೆಜಾನಸ್‌ನ ಕತೆ ಮುಗಿಯಿತು. ಆ ಹೆಸರನ್ನು ಕೆರೆದು ಹಾಕಿದ ನಾಣ್ಯಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ರೋಮಿನಲ್ಲಿ ಬೀಸಿದ ಗಾಳಿಗೆ ಅಷ್ಟು ದೂರದ ಯಾರೋ ಮೊಳೆ ಹಿಡಿದು ಕೂತು ಅಕ್ಷರ ಕೆರೆಯುತ್ತಿದ್ದ.

ನಾನು ಹುಡುಕುತ್ತಿದ್ದ ಪ್ರತಿಭಟನೆಯೂ ಸಿಕ್ಕಿತು, ಆದರೆ ಅದಕ್ಕೆ ಯುದ್ಧವೇ ಬೇಕಾಯಿತು. 132ರಿಂದ 135ರವರೆಗೆ ಯಹೂದಿಗಳ ನಾಡಾದ ಜುದೇಯದಲ್ಲಿ ಬಾರ್ ಕೊಖ್ಬಾ ರೋಮಿನ ವಿರುದ್ಧ ದಂಗೆ ಎದ್ದಾಗ ಬಂಡಾಯಗಾರರು ಹೊಸ ಬಿಲ್ಲೆ ಎರಕ ಹೊಯ್ಯುವ ಗೋಜಿಗೇ ಹೋಗಲಿಲ್ಲ. ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ತೆಗೆದುಕೊಂಡು ಚಕ್ರವರ್ತಿಯ ಮುಖದ ಮೇಲೆ ತಮ್ಮ ಅಚ್ಚು ಹೊಡೆದರು: ಖರ್ಜೂರದ ಮರ, ದ್ರಾಕ್ಷಿ ಗೊಂಚಲು, ಹಳೆಯ ಹೀಬ್ರೂ ಲಿಪಿಯಲ್ಲಿ ಜೆರುಸಲೇಮಿನ ಬಿಡುಗಡೆಯ ಮಾತು. ಕೆಲವದರಲ್ಲಿ ಅಡಿಯಿಂದ ಕೆಳಗಿನ ಚಕ್ರವರ್ತಿಯ ಮೂಗೋ ಗಲ್ಲವೋ ಇಣುಕುತ್ತದೆ. ದಂಗೆ ರಕ್ತದಲ್ಲಿ ಮುಗಿಯಿತು. ಜೆರುಸಲೇಮಿನ ಜಾಗದಲ್ಲಿ ಏಲಿಯ ಕ್ಯಾಪಿಟೊಲಿನ ಎಂಬ ರೋಮನ್ ಊರನ್ನು ಸ್ಥಾಪಿಸಿದ ಗುರುತಿಗೆ ಬಂದ ಕಂಚಿನ ಮೇಲೆ ಆಗಿನ ಚಕ್ರವರ್ತಿ ಹೇಡ್ರಿಯನ್ ಎತ್ತು ಹಸುಗಳ ಜೋಡಿ ಹೂಡಿ ಹೊಸ ಊರಿನ ಗಡಿಗೆರೆ ಉಳುತ್ತಿದ್ದಾನೆ. ಬೆನ್ನು ಊರಿನದು ಎಂಬ ನನ್ನ ಮಾತು ಈ ನಾಣ್ಯದ ಮುಂದೆ ನಿಲ್ಲುವುದಿಲ್ಲ.

ಇದರ ಪಕ್ಕದಲ್ಲಿಟ್ಟರೆ ನಿಕೇಯದ ಬಿರುದಿನ ಜಗಳ ಮಕ್ಕಳಾಟ. ಅದು ಇನ್ನೂ ಚಿಕ್ಕದಾದದ್ದು ನನಗೆ ಇನ್ನೊಂದು ಸಂಗತಿ ತಿಳಿದಾಗ. ಏಷ್ಯಾ ಮೈನರಿನ ಎಷ್ಟೋ ಊರುಗಳ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದ ಅಚ್ಚು ಒಂದೇ ಎಂಬುದನ್ನು ಕೊನ್ರಾಡ್ ಕ್ರಾಫ್ಟ್ ಎಂಬ ಜರ್ಮನ್ ವಿದ್ವಾಂಸರ 1972ರ ಅಧ್ಯಯನ ತೋರಿಸಿತು. ಒಂದೊಂದು ಕಾರ್ಖಾನೆ ಹಲವು ಊರುಗಳಿಗೆ ಗುತ್ತಿಗೆ ಹಿಡಿದು ಟಂಕಿಸುತ್ತಿತ್ತು, ಮುಖದ ಅಚ್ಚು ಹಾಗೇ ಇಟ್ಟು ಬೆನ್ನಿನ ಅಚ್ಚನ್ನಷ್ಟೇ ಬದಲಿಸುತ್ತಿತ್ತು. ಇವತ್ತು ಈ ಊರನ್ನು ಹೊಗಳಿ ಕೆತ್ತಿದ ಕೈ ನಾಳೆ ಪಕ್ಕದೂರನ್ನು ಹೊಗಳುತ್ತಿತ್ತು. ಚುನಾವಣೆಯಲ್ಲಿ ಎರಡು ಪಕ್ಷಗಳ ಫ್ಲೆಕ್ಸ್ ಒಂದೇ ಅಂಗಡಿಯಲ್ಲಿ ಪ್ರಿಂಟಾದ ಹಾಗೆ.

ಆದರೂ ನನಗೆ ಈ ಊರುಗಳ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಸೈನ್ಯವಿಲ್ಲ, ಯುದ್ಧ ಸಾರುವ ಹಕ್ಕಿಲ್ಲ, ತೆರಿಗೆಯ ದೊಡ್ಡ ತೀರ್ಮಾನಗಳು ಬೇರೆಲ್ಲೋ ಆಗುತ್ತವೆ. ಉಳಿದದ್ದು ಗುಡಿ, ಜಾತ್ರೆ, ಕ್ರೀಡೆ, ಹೆಸರು. ಆ ಉಳಿದದ್ದರಲ್ಲೇ ನಿಕೇಯ ಕೆಲವೊಮ್ಮೆ ತುಂಬ ಚೆನ್ನಾದ ಆಯ್ಕೆ ಮಾಡಿತು. ಅದರ ಕೆಲವು ನಾಣ್ಯಗಳ ಮೇಲೆ ಗೋಳವೊಂದರ ಮುಂದೆ ಕೂತ ಮನುಷ್ಯನಿದ್ದಾನೆ, ಹೆಸರು ಹಿಪ್ಪಾರ್ಕಸ್. ನಕ್ಷತ್ರಗಳ ಪಟ್ಟಿ ಮಾಡಿದ ಖಗೋಳಜ್ಞ, ಅದೇ ಊರಿನಲ್ಲಿ ಹುಟ್ಟಿ ಆಗಲೇ ಕೆಲವು ಶತಮಾನಗಳಾಗಿದ್ದವು. ಚಕ್ರವರ್ತಿಯ ಬೆನ್ನಿಗೆ ಒಬ್ಬ ಗಣಿತದವನನ್ನು ಕೂರಿಸಿದ ಊರಿಗೆ ಒಂದೆರಡು ಹೊಗಳಿಕೆಯ ಪಾಪ ಮಾಫಿ ಎನ್ನುವವನು ನಾನು. ಇನ್ನೊಂದು ನಾಣ್ಯದಲ್ಲಿ ಮನುಷ್ಯನ ಕಾಲುಳ್ಳ ಕುದುರೆಯನ್ನು ಯಾವುದೋ ದೇವರು ಏರಿ ಹೊರಟಿದ್ದಾನೆ, 'ಮನುಷ್ಯಪಾದದ ಕುದುರೆ' ಎಂದೇ ಪಕ್ಕದಲ್ಲಿ ಬರೆದಿದ್ದಾರೆ. ಅದು ರೋಮಿನವರಿಗೆ ಅರ್ಥವಾಗಲಿ ಎಂದು ಕೆತ್ತಿಸಿದ್ದಂತೂ ಅಲ್ಲ.

ನನ್ನ ಬಿಲ್ಲೆಯ ಹುಡುಗ ಮೂರನೆಯ ಗೋರ್ಡಿಯನ್. 238ರಲ್ಲಿ ಹದಿಮೂರರ ಪ್ರಾಯದಲ್ಲಿ ಚಕ್ರವರ್ತಿಯಾದವನು, 244ರಲ್ಲಿ ಪರ್ಷಿಯದ ಯುದ್ಧಕ್ಕೆ ಹೋಗಿ ಮರಳಿ ಬರಲಿಲ್ಲ. ಪೂರ್ವಕ್ಕೆ ಹೊರಟ ಸೈನ್ಯಗಳು ಈ ಸೀಮೆಯನ್ನು ಹಾಯ್ದೇ ಹೋಗಬೇಕಿತ್ತು. ಪತಾಕೆಯ ಚಿತ್ರವಿರುವ ಈ ಚಿಲ್ಲರೆ ಅಷ್ಟೊಂದು ಸಂಖ್ಯೆಯಲ್ಲಿ ಸಿಗುವುದಕ್ಕೆ ಆ ಸಿಪಾಯಿಗಳ ರೊಟ್ಟಿ, ಹೆಂಡದ ವ್ಯಾಪಾರ ಕಾರಣವಿರಬಹುದು. ಇದೇ ಹುಡುಗನ ಮುಖ ಹೊತ್ತ ನಿಕೊಮೀಡಿಯದ ನಾಣ್ಯದ ಬೆನ್ನಲ್ಲಿ ಊರ ಹೆಸರಿನ ಜೊತೆ 'ಎರಡು ಸಲ ನೇಓಕೊರೊಸ್' ಇದೆ. ನನ್ನದರಲ್ಲಿ ನಾಲ್ಕು ಕಂಬ, ನಡುವೆ ಹರಿದು ಹಂಚಿದ ಹೆಸರು, ಅಷ್ಟೇ. ಅಮ್ಮ ತಿಕ್ಕುವವರೆಗೂ ನನಗದು ಖಾಲಿ ಜಾಗವೆಂದು ಹೊಳೆದಿರಲಿಲ್ಲ.

ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ರೋಮಿನ ಬೆಳ್ಳಿ ನಾಣ್ಯದಲ್ಲಿ ಬೆಳ್ಳಿಯೇ ಇಲ್ಲದಂತಾದಾಗ ಊರುಗಳಿಗೆ ಕಂಚನ್ನು ಟಂಕಿಸುವುದು ನಷ್ಟದ ಬಾಬ್ತಾಯಿತು. 250ರ ದಶಕದಲ್ಲಿ ಗೋಥರೆಂಬ ಉತ್ತರದ ದಾಳಿಕೋರರು ಬಂದು ನಿಕೇಯವನ್ನೂ ನಿಕೊಮೀಡಿಯವನ್ನೂ ಒಟ್ಟಿಗೇ ಸುಟ್ಟರು. 260ರಲ್ಲಿ ಚಕ್ರವರ್ತಿ ವಲೇರಿಯನ್ ಪರ್ಷಿಯನ್ನರ ಸೆರೆಯಾಳಾದ. ಆ ದಿನಗಳ ನಿಕೇಯದ ಕೊನೆಯ ನಾಣ್ಯಗಳಲ್ಲಿ ಕೆಲವದರ ಮೇಲೆ ಹಕ್ಕಿ ಮೇಲಿನಿಂದ ಕಂಡಂತೆ ಊರ ಸುತ್ತಿನ ಗೋಡೆ, ಬುರುಜು, ಬಾಗಿಲು. ಇನ್ನು ಕೆಲವದರ ಮೇಲೆ ಕ್ರೀಡೆಯ ಕಿರೀಟಗಳು, ಜೊತೆಗೆ ಯಾರೂ ಕೊಡದೆಯೂ ಹಾಕಿಕೊಳ್ಳಬಹುದಾದ ಎರಡು ಮಾತು: 'ಅತಿ ದೊಡ್ಡವರು, ಅತ್ಯುತ್ತಮರು, ನಿಕೇಯದವರು'. ವಲೇರಿಯನ್‌ನ ಮಗ ಗ್ಯಾಲಿಯೆನಸ್‌ನ ಆಳ್ವಿಕೆ ಮುಗಿಯುವ ಹೊತ್ತಿಗೆ ಆ ಟಂಕಸಾಲೆ ನಿಂತಿತ್ತು. ಆಗ ಎದ್ದ ಹೊಸ ಕೋಟೆಗೋಡೆಯೊಳಕ್ಕೆ ಆ ಹಳೇ ಬಾಗಿಲುಗಳನ್ನೂ ಸೇರಿಸಿ ಕಟ್ಟಿದರು, ಉಳಿಯಿಂದ ಕೆತ್ತಿ ತೆಗೆದ ಸಾಲುಗಳ ಸಮೇತ.